ಮೂರು ಗಂಟೆ ಹಿಂದೆ ಬಿದ್ದ ಟೈಮರ್

ಮಕ್ಕಳೇ, ಹಿರಿಯೂರಿನ ನಮ್ಮ ಮನೆಯಲ್ಲಿ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಲು ಅರ್ಧ ಅಶ್ವಶಕ್ತಿಯ ಮೋಟಾರಿದೆ. ತರಬೇತಿಗೆಂದು ಹೊಸದುರ್ಗ, ಹೊಳಲ್ಕೆರೆ ಸುತ್ತುವ ನನಗೆ ಅದನ್ನು ಹಾಕುವುದು, ಆರಿಸುವುದು ನೆನಪಿರುತ್ತಿರಲಿಲ್ಲ. ಹಾಗಾಗಿ ಪ್ಲಗ್ಗಿಗೆ ಸಿಕ್ಕಿಸುವ ಟೈಮರ್ ತಂದೆ. ಅದರ ಬಿಲ್ಲೆಯ ಅಂಚಿನಲ್ಲಿ 96 ಪುಟ್ಟ ಕಡ್ಡಿಗಳು. ಏಕೆ 96? 24 ಗಂಟೆಯನ್ನು 15 ನಿಮಿಷಗಳ ತುಂಡು ಮಾಡಿ ನೋಡಿ. ಬಿಲ್ಲೆ ತಿರುಗಿಸಿ ಬಾಣದ ಗುರುತಿಗೆ ಆಗಿನ ಸಮಯ ಹೊಂದಿಸಿದೆ. ಬೆಳಗಿನ 5ರಿಂದ 5.30ರವರೆಗಿನ ಎರಡು ಕಡ್ಡಿ ಒತ್ತಿದೆ. ಎಷ್ಟು ಆಂಪಿಯರ್ ತಡೆಯುತ್ತದೆಂದು ಅದರ ಮೈಮೇಲಿದ್ದುದನ್ನು ಮೊದಲೇ ಓದಿದ್ದೆ, ಅಷ್ಟು ಜಾಣತನವಿತ್ತು!

ಒಂದು ವಾರ ಎಲ್ಲ ಸರಿಯಾಗಿತ್ತು. ಆಮೇಲೊಂದು ರಾತ್ರಿ 1ರಿಂದ 4ರವರೆಗೆ ಕರೆಂಟ್ ಹೋಯಿತು. ಬೆಳಿಗ್ಗೆ 6ಕ್ಕೆ ನಲ್ಲಿಯಲ್ಲಿ ನೀರಿಲ್ಲ. ಟೈಮರ್ ಪಕ್ಕದ ಸ್ವಿಚ್ ಸರಿಸಿ ನಾನೇ ಟ್ಯಾಂಕ್ ತುಂಬಿಸಿದೆ, ಸ್ವಿಚ್ಚನ್ನು ಮೊದಲಿನಂತೆ ಮಾಡಿ ಬೀಗ ಹಾಕಿ ಹೊರಟೆ. ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ಹಿಡಿದರು: "ಏನ್ ಮೇಷ್ಟ್ರೇ, ಎಂಟು ಗಂಟೆಗೆ ನಿಮ್ಮ ಟ್ಯಾಂಕು ಕೋಡಿ ಬಿದ್ದಿತ್ತಲ್ಲ!"

ನಮ್ಮ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನನ್ನ ಟ್ಯಾಂಕಿಗೆ ಒಂದೇ ವಾರ ಸಾಕಾಯಿತು. ಅರ್ಧ ಗಂಟೆಯ ನೀರು ಚರಂಡಿ ಪಾಲು.

ಟೈಮರಿನೊಳಗಿನ ಪುಟ್ಟ ಮೋಟಾರು ಓಡುವುದು ಮನೆಯ ಕರೆಂಟಿನಿಂದಲೇ. ಸೆಕೆಂಡಿಗೆ 50 ಆವರ್ತಗಳ ಲಯಕ್ಕೆ ಅದು ಬಿಲ್ಲೆಯನ್ನು ತಿರುಗಿಸುತ್ತದೆ. ಕರೆಂಟ್ ಹೋದರೆ ಬಿಲ್ಲೆಯೂ ನಿಂತಿತು. ಹೀಗಾಗಿ ಅದರ 5 ಗಂಟೆ ನಮಗೆ 8 ಆಗಿತ್ತು. ಅಂಕಿ ತೋರಿಸುವ ಟೈಮರುಗಳಲ್ಲಿ ಸಾಮಾನ್ಯವಾಗಿ ಪುಟ್ಟ ಬ್ಯಾಟರಿ ಇರುವುದರಿಂದ ಗಡಿಯಾರ ನಿಲ್ಲದು. ನಾನು ಮಾತ್ರ ಹಳೆಯದನ್ನೇ ಇಟ್ಟುಕೊಂಡಿದ್ದೇನೆ. ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲು ಬಿಲ್ಲೆ ತಿರುಗಿಸುತ್ತೇನೆ, ಆಮೇಲೆ ಕಾಫಿ.