ಭೂತಾಯಿಗೊಂದು ಚಿತ್ತಾರದ ಬುಟ್ಟಿ

ಶಿವಮೊಗ್ಗದಿಂದ ಸುಮಾರು 70 ಕಿಲೋಮೀಟರ್ ದೂರದ ಸಾಗರಕ್ಕೆ ಬರುವವರಲ್ಲಿ ಹೆಚ್ಚಿನವರ ಕಣ್ಣು ಜೋಗದ ಮೇಲೆ. ಆದರೆ ಮಳೆಗಾಲ ಮುಗಿದು ಜಲಪಾತ ಸೊರಗತೊಡಗುವ ಹೊತ್ತಿಗೆ ಈ ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ಸೊಬಗು ಅರಳುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ದಾರಿ ತೋರುವ ಫಲಕವೂ ಇಲ್ಲ.

ದಸರೆ ಕಳೆದ ಐದನೆಯ ದಿನಕ್ಕೆ ಭೂಮಿ ಹುಣ್ಣಿಮೆ. ಬಯಲುಸೀಮೆಯವರ ಸೀಗಿ ಹುಣ್ಣಿಮೆಯೂ ಇದೇ. ಇದಕ್ಕಾಗಿ ದೀವರ ಮನೆಗಳ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ನೆನೆಸಿದ ಅಕ್ಕಿಯನ್ನು ಅರೆದರೆ ಬಿಳಿ ಬಣ್ಣ, ಕಪ್ಪಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ. ಪುಂಡಿ ನಾರೇ ಕುಂಚ. ಅಳತೆಪಟ್ಟಿಯ ಹಂಗಿಲ್ಲದೆ ಎಳೆದ ಸಣ್ಣ ಗೆರೆಗಳು ಒಂದನ್ನೊಂದು ಹಾದು, ಭತ್ತದ ಸಸಿಗಳಾಗಿ, ಏಣಿಯಂಥ ಸಾಲುಗಳಾಗಿ ಬುಟ್ಟಿಯನ್ನು ತುಂಬುತ್ತವೆ. ಇದೇ ಭೂಮಣ್ಣಿ ಬುಟ್ಟಿ.

ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಗೆ ನಿದ್ದೆಯಿಲ್ಲ. ಕಡುಬು, ಹಿತ್ತಲು ಬೇಲಿಗಳ ಸೊಪ್ಪು, ತರಕಾರಿ ಎಲ್ಲ ಬೆಂದು ಬುಟ್ಟಿ ಸೇರುತ್ತವೆ. ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಆ ಅಡುಗೆಯನ್ನು ಬೆಳೆಗೆ ಬೀರುತ್ತಾರೆ. ಭತ್ತ ಆಗ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ; ಬಸುರಿಯ ಬಯಕೆ ತೀರಿಸುವುದು ಮನೆಯವರ ಕೆಲಸ. ಆಮೇಲೆ ಮನೆಮಂದಿಯೆಲ್ಲ ಗದ್ದೆಗೆ ಬಂದು ಪೂಜೆ ಮಾಡುತ್ತಾರೆ. ಭತ್ತದ ಗಿಡಕ್ಕೆ ತಮ್ಮ ಕೊರಳಿನ ಒಡವೆ ತೊಡಿಸುವವರೂ ಉಂಟು.

ದಿನಗಟ್ಟಲೆ ಕುಳಿತು ಬಿಡಿಸಿದ ಚಿತ್ತಾರ ಗದ್ದೆಗೆ ಹೋಗುವುದು ಕತ್ತಲಲ್ಲಿ. ನೋಡಿ ಮೆಚ್ಚುವವರು ಅಲ್ಲಿಲ್ಲ. ಬರೆದವಳ ಹೆಸರೂ ಬುಟ್ಟಿಯ ಮೇಲಿಲ್ಲ. ಒಳ್ಳೆಯ ಫಸಲಿನ ಆಸೆ ರೈತನಿಗೆ ಇಲ್ಲವೆಂದಲ್ಲ. ಆದರೆ ಮಳೆ ಕೈಕೊಟ್ಟ ವರ್ಷವೂ ಭೂಮಿಗೆ ಬಯಕೆ ಬೇಕೇಬೇಕು. ಹಾಗಾಗಿ ಇದು ಭೂಮಿಯೊಂದಿಗಿನ ವ್ಯಾಪಾರವಲ್ಲ, ಬಸುರಿ ಮಗಳಿಗೆ ತವರು ಕೊಡುವ ಉಡುಗೊರೆ.

ಈಗ ಇದೇ ಚಿತ್ತಾರ ಕಾಗದಕ್ಕೆ, ಬಟ್ಟೆಗೆ ಇಳಿದು ನಗರಗಳ ಪ್ರದರ್ಶನಗಳಲ್ಲಿ ಮಾರಾಟವಾಗುತ್ತಿದೆ. ಹೆಂಗಸರ ಕೈಗೆ ನಾಲ್ಕು ಕಾಸು ಬರುವುದು ಒಳ್ಳೆಯದೇ. ಆದರೆ ಮಾರಲೆಂದು ಬರೆಯುವವರಿಗೂ ಈ ಕೈಚಳಕ ಬಂದದ್ದು ಮಾರದ ಬುಟ್ಟಿಯಿಂದ, ಮದುವೆಮನೆಯ ಹಸೆಗೋಡೆಯಿಂದ. ಅವ್ವನ ಪಕ್ಕ ಕುಳಿತ ಹುಡುಗಿ ಮೊದಲು ಎಳೆದ ಸೊಟ್ಟ ಗೆರೆಗೆ ಯಾರೂ ಅಂಕ ಕೊಟ್ಟಿರಲಿಲ್ಲ, ಬಹುಮಾನವನ್ನೂ ಇಟ್ಟಿರಲಿಲ್ಲ. ಆ ಗೆರೆಯೂ ಬುಟ್ಟಿಯ ಮೇಲೆ ಗದ್ದೆಗೆ ಹೋಗುತ್ತಿತ್ತು. ಮಕ್ಕಳ ಪ್ರತಿ ಚಿತ್ರವನ್ನೂ ಸ್ಪರ್ಧೆಗೆ ಕಳಿಸುವ ಪಾಲಕರು ಗಮನಿಸಬೇಕಾದ ಮಾತಿದು.

ಭೂಮಿ ಹುಣ್ಣಿಮೆ ಸಾಮಾನ್ಯವಾಗಿ ಅಕ್ಟೋಬರ್ ಆಸುಪಾಸಿನಲ್ಲಿ ಬರುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸೂ ರೈಲೂ ಇವೆ. ಪರಿಚಿತರ ಮೂಲಕ ಹೇಳಿಕಳಿಸಿ ಹೋಗುವುದು ಒಳ್ಳೆಯದು. ಬುಟ್ಟಿಯ ಬೆಲೆ ಮಾತ್ರ ಕೇಳಬಾರದು. ಅದು ಆಗಲೇ ಭೂಮಿಯ ಪಾಲಾಗಿರುತ್ತದೆ.