ಐರ್ಲೆಂಡಿನ ಕಾವಲಿ ರೊಟ್ಟಿ

ಬಡವರ ಅಡಿಗೆಯಲ್ಲಿ ಶಾಸ್ತ್ರವಿಲ್ಲವೆಂದು ಭಾವಿಸುವುದು ತಪ್ಪು. ಇದ್ದುದರಲ್ಲಿಯೇ ಮಕ್ಕಳ ಹೊಟ್ಟೆ ತುಂಬಿಸಬೇಕಾದ ಗೃಹಿಣಿಯ ಬುದ್ಧಿ ಎಷ್ಟು ಸೂಕ್ಷ್ಮವಾಗಿ ನಡೆಯುವುದೆಂಬುದಕ್ಕೆ ಐರ್ಲೆಂಡು ದೇಶದ ಸೋಡಾ ರೊಟ್ಟಿಯೇ ಸಾಕ್ಷಿ.

ಆ ದ್ವೀಪದ ಹವೆ ತಂಪು, ಮಳೆ ವಿಶೇಷ. ಅಲ್ಲಿ ಬೆಳೆಯುವ ಗೋದಿ ಮೆದುವಾದದ್ದು. ಅದರ ಹಿಟ್ಟಿನಲ್ಲಿ ಜಿಗುಟು ಕಡಮೆ. ಹುದುಗು ಬೆರಸಿ ಉಬ್ಬಿಸುವ ರೊಟ್ಟಿಗಾದರೋ ಜಿಗುಟಾದ ಹಿಟ್ಟೂ ಬೇಕು, ಭಟ್ಟಿಯೂ ಬೇಕು. ಹಳ್ಳಿಯ ಗುಡಿಸಲಿನಲ್ಲಿ ಇವೆರಡೂ ದುರ್ಲಭ. ಅಲ್ಲಿದ್ದುದು ಜೌಗುನೆಲದಿಂದ ಕಡಿದು ಒಣಗಿಸಿದ ಹೆಂಟೆಗಳ ಬೆಂಕಿ, ಒಂದು ಕಬ್ಬಿಣದ ಕಾವಲಿ, ಒಂದಿಷ್ಟು ಮಜ್ಜಿಗೆ. ಬೆಣ್ಣೆಯು ಗೇಣಿಯ ಹಣಕ್ಕಾಗಿ ಸಂತೆಗೆ ಹೋಗುತ್ತಿತ್ತು. ಮಜ್ಜಿಗೆ ಮಾತ್ರ ಮನೆಯವರ ಪಾಲಿಗೆ ಉಳಿಯುತ್ತಿತ್ತು.

ಬಡವರಿಗೆ ಆಲೂಗಡ್ಡೆಯೇ ಅನ್ನವಾಗಿದ್ದ ಕಾಲವದು. 1845ರಲ್ಲಿ ಆ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂದಿತು. 1841ರ ಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷಕ್ಕೆ ಇಳಿಯಿತು. ಸುಮಾರು 10 ಲಕ್ಷ ಮಂದಿ ಹಸಿವಿನಿಂದಲೂ ಜ್ವರಗಳಿಂದಲೂ ಮಡಿದರು. ಲಕ್ಷಾಂತರ ಮಂದಿ ಹಡಗು ಹತ್ತಿದರು. ಅದಕ್ಕೆ ಸ್ವಲ್ಪ ಮುಂಚೆ, 1830ರ ದಶಕದಲ್ಲಿ, ಅಡಿಗೆ ಸೋಡಾ ಆ ದೇಶದ ಮನೆಗಳನ್ನು ಹೊಕ್ಕಿತ್ತು. ಉಳಿದವರ ಒಲೆಯ ಮೇಲೆ ಗೋದಿಯ ರೊಟ್ಟಿ ಕ್ರಮೇಣ ನೆಲೆಗೊಂಡಿತು.

ಇದನ್ನು ಮಾಡುವ ಕ್ರಮ ಸುಲಭ. 250 ಗ್ರಾಂ ಹಿಟ್ಟಿಗೆ ಅರ್ಧ ಚಮಚ ಸೋಡಾ, ಅರ್ಧ ಚಮಚ ಉಪ್ಪು. ಸೋಡಾದ ಗಂಟುಗಳನ್ನು ಅಂಗೈಯಲ್ಲಿ ಉಜ್ಜಿ ಪುಡಿಮಾಡಬೇಕು. ಸುಮಾರು 200 ಮಿಲಿಲೀಟರು ಹುಳಿಮಜ್ಜಿಗೆ ಹೊಯ್ದು ಕೈಯಿಂದ ಕೂಡಿಸಬೇಕೇ ಹೊರತು ನಾದಬಾರದು. ನಾದಿದಷ್ಟೂ ರೊಟ್ಟಿ ಗಡುಸಾಗುವುದು. ಮಜ್ಜಿಗೆಯ ಆಮ್ಲವೂ ಸೋಡಾದ ಕ್ಷಾರವೂ ಕೂಡಿದೊಡನೆ ಇಂಗಾಲಾಮ್ಲ ವಾಯು ಹೊರಡುತ್ತದೆ. ಹಿಟ್ಟನ್ನು ಉಬ್ಬಿಸುವುದು ಅದೇ. ಆದುದರಿಂದ ಇಲ್ಲಿ ಆಲಸ್ಯ ಸಲ್ಲದು. ಕಲಸಿದ ಹಿಟ್ಟನ್ನು ಮುಕ್ಕಾಲು ಅಂಗುಲ ದಪ್ಪಕ್ಕೆ ದುಂಡಗೆ ತಟ್ಟಿ, ನಾಲ್ಕು ಭಾಗ ಮಾಡಿ, ಹಿಟ್ಟುದುರಿಸಿದ ದಪ್ಪ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲನ್ನೂ ಹತ್ತು ನಿಮಿಷದವರೆಗೆ ಬೇಯಿಸುವರು; ಕೊನೆಗೆ ಅಂಚುಗಳನ್ನೂ ನಿಲ್ಲಿಸಿ ಕಾಯಿಸುವರು. ಉತ್ತರದ ಅಲ್‌ಸ್ಟರ್ ಪ್ರಾಂತದಲ್ಲಿ ಈ ತುಂಡಿಗೆ ‘ಫಾರ್ಲ್’ ಎಂದು ಹೆಸರು. ನಾಲ್ಕನೆಯ ಭಾಗವೆಂದೇ ಆ ಶಬ್ದದ ಮೂಲಾರ್ಥ. ಇತರ ಕಡೆಗಳಲ್ಲಿ ಇಡಿಯ ರೊಟ್ಟಿಯ ಮೇಲೆ ಶಿಲುಬೆಯಂತೆ ಗೀರಿ, ಮುಚ್ಚಳದ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡವನ್ನು ಹರಡುತ್ತಿದ್ದರು. ಆ ಗೀರು ಮನೆಗೆ ರಕ್ಷೆಯೆಂಬುದು ಹಿರಿಯರ ನಂಬುಗೆ. ಕಾವು ನಡುವಿಗೆ ಮುಟ್ಟಲು ಅದೇ ದಾರಿಯೆಂಬುದು ಅನುಭವ. ಎರಡೂ ಒಂದೇ ಗೀರಿನಲ್ಲಿ ಅಡಗಿವೆ.

ಬೆಂದುದನ್ನು ಅರಿಯಲು ಸ್ಥಾಲೀಪುಲಾಕ ನ್ಯಾಯ ಇಲ್ಲಿ ನಡೆಯದು. ಒಂದಗುಳನ್ನು ಹಿಸುಕಿ ನೋಡುವಂತಿಲ್ಲ. ರೊಟ್ಟಿಯ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ನಾದವನ್ನು ಕಿವಿಯಿಂದ ಕೇಳಬೇಕು. ಸೋಡಾ ಮಿತಿಮೀರಿದರೆ ಬಣ್ಣ ಹಳದಿಯಾಗಿ ರುಚಿ ಕೆಡುವುದು.

ಈ ರೊಟ್ಟಿಗೊಂದು ದೋಷವುಂಟು: ಮರುದಿನಕ್ಕೆ ಒಣಗುತ್ತದೆ. ಆದುದರಿಂದ ಅದನ್ನು ದಿನವೂ ಹೊಸದಾಗಿ ಮಾಡಬೇಕು. ಹಡಗು ಹತ್ತಿದವರು ಹೊಲವನ್ನೂ ಹಸುವನ್ನೂ ಒಯ್ಯಲಾರದೆ ಹೋದರು; ಕೈಯ ಅಭ್ಯಾಸವನ್ನು ಮಾತ್ರ ಒಯ್ದರು. ಪರದೇಶದ ಒಲೆಯ ಮುಂದೆ ನಿಂತ ತಾಯಿ ರೊಟ್ಟಿಯನ್ನು ತಟ್ಟಿ ಕಿವಿಗೊಡುವಾಗ, ಬಿಟ್ಟು ಬಂದ ಮನೆ ಅವಳಿಗೆ ದಿನಕ್ಕೊಮ್ಮೆಯಾದರೂ ಓಗೊಟ್ಟಿರಬೇಕು.