ಡಿಕ್ಕಿಗೆ ಹೋದ ಬ್ಯಾಟರಿ ಮತ್ತು ನಾಲ್ಕು ಮೀಟರ್ ತಂತಿ

ನಮ್ಮಂಥ ಸಾಫ್ಟ್‌ವೇರಿನವರ ಹಣೆಬರಹ ನಿಮಗೆ ಗೊತ್ತೇ ಇದೆ. ಹುಡುಗ ಇಂಜಿನಿಯರಿಂಗ್ ಓದಿದ್ದಾನೆ ಅಂತಾದರೆ ಸಾಕು, ಊರಿಗೆ ಹೋದಾಗ ಮಿಕ್ಸಿ, ಯುಪಿಎಸ್, ಪಂಪ್‌ಸೆಟ್ಟು ಎಲ್ಲದರ ಜಾತಕವನ್ನೂ ಅವನೇ ಹೇಳಬೇಕು. ಈ ಸಲ ನನ್ನ ಪಾಲಿಗೆ ಬಂದಿದ್ದು ಭಾವನ ಹಳೇ ಮಾರುತಿ 800. 2014ರಲ್ಲಿ ಕಂಪನಿಯೇ ತಯಾರಿಕೆ ನಿಲ್ಲಿಸಿದರೂ ಭಾವನಿಗೆ ಮಾತ್ರ ಅದರ ಮೇಲಿನ ಪ್ರೀತಿ ನಿಂತಿಲ್ಲ. ವರ್ಷಕ್ಕೆ ಒಂದೆರಡು ಸಲ ಆಟೋಕ್ರಾಸ್‌ನಲ್ಲಿ ಕೆಸರು ಹಾರಿಸುವುದೂ ಅದರಲ್ಲೇ, ಉಳಿದ ದಿನ ಅಕ್ಕನ ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ.

ಅವರ ಹೊಸ ಐಡಿಯಾ ಏನಪ್ಪಾ ಅಂದರೆ, ಬಾನೆಟ್ ಒಳಗಿರುವ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸುವುದು. ಮುಂದೆ ದೊಡ್ಡ ಏರ್ ಫಿಲ್ಟರಿಗೆ ಜಾಗ ಆಗುತ್ತದೆ, ಮೂತಿಯ ಭಾರವೂ ಇಳಿಯುತ್ತದೆ ಅಂತ.

ಇದೇನು ಹುಚ್ಚು ಯೋಚನೆ ಅಲ್ಲ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನ ಬ್ಯಾಟರಿ ಹುಟ್ಟಿನಿಂದಲೇ ಡಿಕ್ಕಿಯಲ್ಲಿತ್ತು. ಮಾಜ್ಡಾದ ಮೊದಲ ಎಂಎಕ್ಸ್-5ರಲ್ಲೂ ಹಾಗೇ. ಬಿಎಂಡಬ್ಲ್ಯೂ ತನ್ನ ಹಲವು ಕಾರುಗಳಲ್ಲಿ ಹಿಂದೆ ಇಟ್ಟಿದ್ದಷ್ಟೇ ಅಲ್ಲ, ಅಪಘಾತವಾದ ಕೂಡಲೇ ಪುಟ್ಟ ಸಿಡಿಮದ್ದೊಂದು ಸಿಡಿದು ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲನ್ನು ಬ್ಯಾಟರಿಯಿಂದ ಬೇರ್ಪಡಿಸುವಂಥ ಟರ್ಮಿನಲ್ ಬೇರೆ ಕೊಟ್ಟಿತು. ಕಂಪನಿಯವರಿಗೇ ಆ ತಂತಿಯ ಬಗ್ಗೆ ಎಷ್ಟು ಭಯ ಇದೆ ನೋಡಿ!

ಭಾವನ ಕಡೆಯ ಗ್ಯಾರೇಜಿನವರಿಗೆ ಮಾತ್ರ ಆ ಭಯ ಇರಲಿಲ್ಲ. ಇನ್ವರ್ಟರಿಗೆ ಹಾಕುವ ಕೇಬಲ್ಲನ್ನೇ ತಂದು, ಕಾರಿನ ಹೊಟ್ಟೆಯ ಕೆಳಗೆ ಪೆಟ್ರೋಲ್ ಪೈಪಿನ ಜೊತೆಗೇ ಎಳೆದು, ಟ್ಯಾಗ್ ಕಟ್ಟಿಕೊಡುತ್ತೇವೆ, ಅರ್ಧ ದಿನದ ಕೆಲಸ ಅಂದರಂತೆ. ಫ್ಯೂಸ್ ಎಲ್ಲಿ ಅಂತ ಕೇಳಿದರೆ, "ಕಂಪನಿಯವ್ರೇ ಸ್ಟಾರ್ಟರ್ ತಂತಿಗೆ ಫ್ಯೂಸ್ ಹಾಕಲ್ಲ, ನಾವ್ಯಾಕೆ ಹಾಕ್ಬೇಕು?"

ಕೇಳೋಕೆ ಸರಿಯಾಗೇ ಇದೆ ಅಲ್ವಾ? ಹೆಚ್ಚಿನ ಕಾರುಗಳಲ್ಲಿ ಸ್ಟಾರ್ಟರ್ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ, ನಿಜ. ಆದರೆ ಅಲ್ಲಿ ಆ ಕೇಬಲ್ ಒಂದು ಮಾರೂ ಇರಲ್ಲ, ಎಲ್ಲಿಯೂ ತಗಡಿಗೆ ತಾಗದ ಹಾಗೆ ಕಂಪನಿಯವರೇ ಕೂರಿಸಿರುತ್ತಾರೆ. ಡಿಕ್ಕಿಯಿಂದ ಹೊರಟರೆ ಅದೇ ತಂತಿ ಸುಮಾರು ನಾಲ್ಕು ಮೀಟರ್ ಆಗುತ್ತದೆ. ಸೀಟಿನ ಬೋಲ್ಟು, ತಗಡಿನ ಅಂಚು ಎಲ್ಲ ದಾಟಿ, ಕಡೆಗೆ ಫೈರ್‌ವಾಲ್ ತೂರಿ ಹೋಗಬೇಕು. (ನಮ್ಮ ಆಫೀಸಿನ ಫೈರ್‌ವಾಲ್ ಅಲ್ಲ, ಇಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ನಿಜವಾದ ತಗಡಿನ ಗೋಡೆ!) ಕಾರಿನ ಮೈಯೆಲ್ಲ ಬ್ಯಾಟರಿಯ ನೆಗೆಟಿವ್. ಅಂದರೆ ಈ ನಾಲ್ಕು ಮೀಟರಿನಲ್ಲಿ ಎಲ್ಲೇ ಹೊದಿಕೆ ಸವೆದರೂ ಶಾರ್ಟ್.

ಭಾವನಿಗೆ ಲೆಕ್ಕ ಹಾಕಿ ತೋರಿಸಿದೆ. 35 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿಗೆ ಮೀಟರಿಗೆ ಸುಮಾರು ಅರ್ಧ ಮಿಲಿ ಓಮ್ ರೋಧ. ನಾಲ್ಕು ಮೀಟರಿಗೆ 2 ಮಿಲಿ ಓಮ್. ಸ್ಟಾರ್ಟರ್ 150 ಆಂಪಿಯರ್ ಎಳೆದರೆ ದಾರಿಯಲ್ಲಿ ಕಳೆದುಹೋಗುವುದು 0.3 ವೋಲ್ಟ್, ತೊಂದರೆಯಿಲ್ಲ. ದುಡ್ಡು ಉಳಿಸೋಣ ಅಂತ 10 ಚದರ ಮಿಲಿಮೀಟರಿನದ್ದು ಹಾಕಿದರೆ ಒಂದು ವೋಲ್ಟಿಗೂ ಮೇಲೆ ಹೋಗುತ್ತದೆ, ಚಳಿಗಾಲದ ಬೆಳಗ್ಗೆ ಕಾರು ಬರೀ ನರಳುತ್ತದೆ. ಇನ್ನು ಶಾರ್ಟ್ ಆದಾಗ? ಸಣ್ಣ ಕಾರಿನ ಬ್ಯಾಟರಿ ಕೂಡ 1000 ಆಂಪಿಯರ್ ಸುರಿಯಬಲ್ಲದು. ಅಷ್ಟು ಕರೆಂಟು ಇಡೀ ಕೇಬಲ್ಲಿನಲ್ಲಿ ಹರಿದರೆ 2000 ವ್ಯಾಟ್ ಬಿಸಿ. ನಮ್ಮ ಬಚ್ಚಲುಮನೆಯ ಗೀಸರ್ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟೇ. ನೀರಿಲ್ಲದ ಗೀಸರ್ರು, ಮಕ್ಕಳ ಕಾಲ ಕೆಳಗಿನ ಕಾರ್ಪೆಟ್ಟಿನಡಿ.

ಭಾವ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಹಂಗಾದ್ರೆ ಏನ್ ಮಾಡ್ಬೇಕು ಹೇಳು ಮಾರಾಯ" ಅಂದರು.

ಮೊದಲನೆಯದು ಫ್ಯೂಸ್. ಫ್ಯೂಸ್ ಇರುವುದು ಸ್ಟಾರ್ಟರ್ ಉಳಿಸಲಿಕ್ಕಲ್ಲ, ತಂತಿ ಉಳಿಸಲಿಕ್ಕೆ. ಹಾಗಾಗಿ ಅದು ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಇರಬೇಕು, ಒಂದು ಗೇಣಿನೊಳಗೆ. ಮುಂದೆ ಇಂಜಿನ್ ಹತ್ತಿರ ಹಾಕಿದರೆ ನಾಲ್ಕು ಮೀಟರ್ ತಂತಿಗೆ ಕಾವಲೇ ಇಲ್ಲ. ಸ್ಟಾರ್ಟರ್ ತಿರುಗುವ ಮೊದಲ ಕ್ಷಣದಲ್ಲಿ ಕರೆಂಟು ದಿಢೀರ್ ಏರುತ್ತದೆ, ಅದಕ್ಕೆ ನಿಧಾನವಾಗಿ ಹಾರುವ ಬೋಲ್ಟ್ ಮಾದರಿಯ ಮೆಗಾ ಫ್ಯೂಸ್ ಒಳ್ಳೆಯದು. ನಾವು ಹಾಕಿದ್ದು 150 ಆಂಪಿಯರಿನದ್ದು.

ಎರಡನೆಯದು ಕೇಬಲ್ಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ, ನಯವಾದ ಎಳೆಗಳಿರುವ ವೆಲ್ಡಿಂಗ್ ಕೇಬಲ್ ತಂದೆ. ಅಗ್ಗಕ್ಕೆ ಸಿಗುವ ಕೆಲವು ಕೇಬಲ್ಲುಗಳಲ್ಲಿ ಮೇಲೆ ಮಾತ್ರ ತಾಮ್ರ, ಒಳಗೆ ಅಲ್ಯೂಮಿನಿಯಂ. ಒಂದೆಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಬೆಳ್ಳಗೆ ಕಂಡರೆ ಅಂಗಡಿಯವನಿಗೇ ವಾಪಸ್ ಕೊಡಿ. ತುದಿಯ ಲಗ್ಗುಗಳನ್ನು ಸುತ್ತಿಗೆಯಲ್ಲಿ ಜಜ್ಜಬಾರದು, ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಬೇಕು. ಬರೀ ಬೆಸುಗೆ ನಂಬುವ ಹಾಗಿಲ್ಲ, ಸಾಮಾನ್ಯ ಸೀಸದ ಬೆಸುಗೆ 183 ಡಿಗ್ರಿಗೆಲ್ಲ ಕರಗಲು ಶುರು.

ಮೂರನೆಯದು ದಾರಿ. ಹೊಟ್ಟೆಯ ಕೆಳಗೆ ಬೇಡವೇ ಬೇಡ. ಕಲ್ಲು ಹೊಡೆಯುತ್ತದೆ, ಸೈಲೆನ್ಸರಿನ ಬಿಸಿ, ಪಕ್ಕದಲ್ಲಿ ಪೆಟ್ರೋಲು. ಕಾರಿನ ಒಳಗೆ ಬಾಗಿಲ ಹೊಸಿಲಿನ ಪಕ್ಕದಲ್ಲಿ ಕೊಳವೆಯೊಳಗೆ ಹಾಯಿಸಿ, ಗೇಣಿಗೊಂದು ಕ್ಲಿಪ್ ಹಾಕಿ, ತಗಡು ದಾಟುವ ಕಡೆಯೆಲ್ಲ ರಬ್ಬರ್ ಗ್ರೋಮೆಟ್ ಕೂರಿಸಿದ್ದಾಯಿತು.

ನಾಲ್ಕನೆಯದು ಅರ್ಥ್. ಎಲ್ಲರೂ ಮರೆಯುವುದು ಇದನ್ನೇ. ಹಿಂದೆ ಬ್ಯಾಟರಿಯ ನೆಗೆಟಿವನ್ನು ಬಣ್ಣ ಕೆರೆದ ತಗಡಿಗೆ ಬಿಗಿದರೆ ಮುಗಿಯಲಿಲ್ಲ. ಇಂಜಿನ್ ರಬ್ಬರಿನ ಮೇಲೆ ಕೂತಿದೆ. ಅದಕ್ಕೂ ಬಾಡಿಗೂ ಅಷ್ಟೇ ದಪ್ಪದ ಪಟ್ಟಿ ಕಟ್ಟದಿದ್ದರೆ ಕರೆಂಟು ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲುಗಳಲ್ಲಿ ದಾರಿ ಹುಡುಕಿಕೊಂಡು ಅವನ್ನು ಸುಡುತ್ತದೆ.

ಐದನೆಯದು ಪೆಟ್ಟಿಗೆ, ನನಗೆ ಹೆಚ್ಚು ನಿದ್ದೆ ಕೆಡಿಸಿದ್ದು ಇದೇ. ಮಾರುತಿ 800ರಲ್ಲಿ ಡಿಕ್ಕಿ ಅಂತ ಬೇರೆ ಕೋಣೆ ಇಲ್ಲ, ಹಿಂದಿನ ಸೀಟಿನ ಬೆನ್ನಿಗೇ ಡಿಕ್ಕಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇಕಡ 4 ಆದರೆ ಒಂದು ಕಿಡಿ ಸಾಕು. ರ‍್ಯಾಲಿ ಕಾರುಗಳಿಗೆ ಎಫ್‌ಐಎ ಮಾಡಿರುವ ನಿಯಮ ಓದಿದರೆ ಗಂಭೀರತೆ ಗೊತ್ತಾಗುತ್ತದೆ: ಲೋಹದ ಪೀಠ, ಎರಡು ಲೋಹದ ಪಟ್ಟಿ, ಕನಿಷ್ಠ 10 ಮಿಲಿಮೀಟರಿನ ಬೋಲ್ಟು, ತಗಡಿನಡಿ 3 ಮಿಲಿಮೀಟರ್ ದಪ್ಪದ ಪ್ಲೇಟು. ಬ್ಯಾಟರಿ ಜನ ಕೂರುವ ಜಾಗದಲ್ಲಿದ್ದರೆ ಪೆಟ್ಟಿಗೆಯ ಗಾಳಿ ಹೊರಗೇ ಹೋಗಬೇಕು. ನಾವು ಅದನ್ನೇ ಮಾಡಿದೆವು. ಜೊತೆಗೆ ಸೀಲ್ ಆದ ಎಜಿಎಂ ಬ್ಯಾಟರಿ, ಅದರ ಗಾಳಿಕೊಳವೆ ನೆಲದ ಮೂಲಕ ಹೊರಕ್ಕೆ.

ಕಟ್ ಆಫ್ ಸ್ವಿಚ್ಚನ್ನೂ ಹಾಕಿಸಿದೆವು. ಇಲ್ಲೊಂದು ಸೂಕ್ಷ್ಮ ಇದೆ. ಬ್ಯಾಟರಿಯನ್ನಷ್ಟೇ ಕಡಿದರೆ ಇಂಜಿನ್ ನಿಲ್ಲುವುದಿಲ್ಲ, ಆಲ್ಟರ್ನೇಟರ್ ಕರೆಂಟು ಕೊಡುತ್ತಲೇ ಇರುತ್ತದೆ, ಸಾಲದ್ದಕ್ಕೆ ವೋಲ್ಟೇಜ್ ಕ್ಷಣಮಾತ್ರ ಹತ್ತಾರು ವೋಲ್ಟ್ ಜಿಗಿದು ಇಸಿಯು ಸುಡಬಹುದು. ಅದಕ್ಕೇ ರ‍್ಯಾಲಿಯವರು ಇಗ್ನಿಷನ್ನನ್ನೂ ಒಟ್ಟಿಗೇ ಕಡಿದು ಆಲ್ಟರ್ನೇಟರನ್ನು ರೆಸಿಸ್ಟರಿಗೆ ತಿರುಗಿಸುವ ಸ್ವಿಚ್ ಬಳಸುತ್ತಾರೆ.

ಎಲ್ಲ ಮುಗಿಸಿ ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿ ಪಾಸಿಟಿವಿಗೆ, ಇನ್ನೊಂದು ಸ್ಟಾರ್ಟರಿನ ಬೋಲ್ಟಿಗೆ ಹಿಡಿದು ಸೆಲ್ಫ್ ಹೊಡೆಸಿದೆ. 0.4 ವೋಲ್ಟ್. ನೆಗೆಟಿವಿನಿಂದ ಇಂಜಿನ್ ಬ್ಲಾಕಿಗೆ 0.2. ಪಾಸು!

ಎರಡು ವಾರಾಂತ್ಯ ಹೋಯಿತು. ಲಾಭದ ಲೆಕ್ಕ ಅಂದರೆ, ಸುಮಾರು ಹತ್ತು ಕೆಜಿಯ ಬ್ಯಾಟರಿ ಹಿಂದಕ್ಕೆ ಹೋಗಿದೆ, ಒಂದೂಕಾಲು ಕೆಜಿ ತಾಮ್ರ ಹೊಸದಾಗಿ ಸೇರಿದೆ. ಅಕ್ಕ ಇದನ್ನೆಲ್ಲ ಕೇಳಿ, "ಅಷ್ಟಕ್ಕೆ ನಿಮ್ಮ ಭಾವನೇ ರಾತ್ರಿ ಊಟ ಕಡಿಮೆ ಮಾಡಿದ್ರೆ ಆಗ್ತಿರ್ಲಿಲ್ವಾ?" ಅಂದಳು :) ಭಾವ ಕೇಳಿಸದವರ ಹಾಗೆ ಬಾನೆಟ್ ಒರೆಸುತ್ತಿದ್ದರು.

ಏರ್ ಫಿಲ್ಟರಿಗೆ ಜಾಗವೇನೋ ಆಯಿತು. ನಿಮ್ಮಲ್ಲೂ ಯಾರಿಗಾದರೂ ಇಂಥ ಆಸೆ ಇದ್ದರೆ ಮಾಡಿಸಿ, ಬೇಡ ಅನ್ನಲ್ಲ. ಕೆಲಸ ಶುರು ಮಾಡುವ ಮುಂಚೆ ನೆಗೆಟಿವ್ ಬಿಚ್ಚಿ, ಮುಗಿದ ಮೇಲೆ ಕಟ್ಟಕಡೆಗೆ ಅದನ್ನು ಜೋಡಿಸಿ. ಅರ್ಧ ದಿನದಲ್ಲಿ ಆಗುತ್ತೆ ಅನ್ನುವವರ ಹತ್ತಿರ ಮಾತ್ರ, ಫ್ಯೂಸ್ ಎಲ್ಲಿ ಹಾಕ್ತೀರಿ ಅಂತ ಒಮ್ಮೆ ಕೇಳಿ ನೋಡಿ.